ಸೀತಾಳೆಗೆ ಕುಂಡವೇಕೆ?

ಮನೆಯಲ್ಲಿ ಆರ್ಕಿಡ್ ಬೆಳೆಸುವ ಬಗ್ಗೆ ನಮ್ಮಲ್ಲಿ ನಡೆಯುವ ಮಾತು ಬಹುಮಟ್ಟಿಗೆ ಕುಂಡದ ಸುತ್ತಲೇ ತಿರುಗುತ್ತದೆ. ಎಷ್ಟು ಇಂಚಿನದು ತರಬೇಕು, ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು, ಒಳಗೆ ಏನು ತುಂಬಬೇಕು ಎಂಬ ಪ್ರಶ್ನೆಗಳೇ ಮುಂದೆ ಬರುತ್ತವೆ. ದಾಸವಾಳ, ಗುಲಾಬಿಗಳನ್ನು ಸಾಕಿ ಪಳಗಿದ ಕೈಗಳಿಗೆ ಇದು ಸಹಜ. ಅಲ್ಲಿ ಕುಂಡ ಬದಲಿಸುವುದೆಂದರೆ ಸತ್ವ ಕಳೆದುಕೊಂಡ ಮಣ್ಣು ತೆಗೆದು, ಹೊಸ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ, ಬೇರಿಗೆ ಇನ್ನಷ್ಟು ಜಾಗ ಮಾಡಿಕೊಡುವುದು. ಅದೇ ಕೈ ಅದೇ ಅಕ್ಕರೆಯಿಂದ ಮರದ ಮೇಲೆ ಬೆಳೆಯುವ ಆರ್ಕಿಡ್‌ಗೂ ಹೀಗೆಯೇ ಮಾಡಿದರೆ ಗಿಡ ಕೊಳೆತು ಸಾಯುತ್ತದೆ. ಇಂಥ ಆರ್ಕಿಡ್‌ನ ಕುಂಡ ಬದಲಿಸಲು ಮುಖ್ಯ ಕಾರಣ ಒಂದೇ: ಬೇರಿನ ಸುತ್ತ ಇಲ್ಲವಾದ ಗಾಳಿಯನ್ನು ಮರಳಿ ತರುವುದು. ರೂಢಿಯಲ್ಲಿರುವ ಆರೈಕೆಯ ಕ್ರಮಗಳನ್ನು ಈ ಅಳತೆಗೋಲಿನಿಂದಲೇ ಅಳೆಯಬೇಕು ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಮಲೆನಾಡಿನ ಮರಗಳ ಮೇಲೆಯೇ ಇದೆ. ಮಳೆಗಾಲ ಹೊಸ್ತಿಲಲ್ಲಿರುವಾಗ ಹಲಸು, ಮಾವಿನ ಕೊಂಬೆಗಳಿಂದ ನರಿಬಾಲದಂತೆ ಇಳಿಬೀಳುವ ಸೀತಾಳೆ ದಂಡೆ, ಸಸ್ಯಶಾಸ್ತ್ರದವರ ರಿಂಕೋಸ್ಟೈಲಿಸ್ ರೆಟ್ಯೂಸಾ, ಮಣ್ಣು ಮುಟ್ಟದೆಯೇ ಬಾಳುವ ಗಿಡ. ಅದನ್ನು ಬಂದಳಿಕೆಯ ಸಾಲಿಗೆ ಸೇರಿಸುವುದು ತಪ್ಪು. ಬಂದಳಿಕೆ ಮರದ ರಸ ಹೀರುತ್ತದೆ, ಸೀತಾಳೆಗೆ ಮರ ಬೇಕಾಗಿರುವುದು ಆಸರೆಗೆ ಮಾತ್ರ. ನೀರು ಮಳೆ ಮಂಜಿನಿಂದ ಬರುತ್ತದೆ. ತೊಗಟೆಯ ಸಂದಿಯ ತರಗು, ಧೂಳು, ಹಕ್ಕಿಯ ಹಿಕ್ಕೆಗಳನ್ನು ತೊಳೆದುಕೊಂಡು ಹರಿಯುವ ಆ ನೀರೇ ಆಹಾರವನ್ನೂ ತರುತ್ತದೆ. ಬೇರಿನ ರಚನೆಯೂ ಈ ಬದುಕಿಗೆ ತಕ್ಕದ್ದು. ಹೊರಮೈಗೆ ವೆಲಮೆನ್ ಎಂಬ ಹೊದಿಕೆ, ಸತ್ತ ಕೋಶಗಳ ಸ್ಪಂಜು. ಒಣಗಿದಾಗ ಅದು ಬೆಳ್ಳಿಯ ಬಣ್ಣಕ್ಕಿರುತ್ತದೆ; ನೀರು ಹೀರಿದೊಡನೆ ಒಳಗಿನ ಹಸಿರು ಮೇಲೆ ಕಾಣುತ್ತದೆ. ನೀರು ತುಂಬಿದ ಸ್ಪಂಜಿನಲ್ಲಿ ಗಾಳಿಗೆ ಎಡೆಯಿಲ್ಲ, ಹಾಗಾಗಿ ಈ ಬೇರು ನೆನೆಯುವಷ್ಟೇ ಒಣಗಲೂ ಬೇಕು. ಜಡಿಮಳೆಯಲ್ಲಿ ದಿನಗಟ್ಟಲೆ ತೊಯ್ದರೂ ಕೊಂಬೆಯ ಮೇಲಿನ ಸೀತಾಳೆ ಕೊಳೆಯುವುದಿಲ್ಲ, ಏಕೆಂದರೆ ಅಲ್ಲಿ ಬೇರಿನ ಸುತ್ತ ಗಾಳಿಯಾಡುತ್ತದೆ. ಒದ್ದೆಯ ಜತೆ ಉಸಿರುಕಟ್ಟುವುದೂ ಸೇರಿದಾಗ ಕೊಳೆ ಹತ್ತುತ್ತದೆ.

ಈ ಪಾಠವನ್ನು ಇಂಗ್ಲೆಂಡ್ ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು. ಉಷ್ಣವಲಯದ ಗಿಡವೆಂದರೆ ಸದಾ ಸೆಕೆ, ಸದಾ ತೇವ ಎಂದು ಭಾವಿಸಿ, 19ನೇ ಶತಮಾನದ ಆರಂಭದಲ್ಲಿ ಅಲ್ಲಿನವರು ಆರ್ಕಿಡ್‌ಗಳನ್ನು ಗಾಳಿಯಾಡದ ಗಾಜಿನಮನೆಗಳಲ್ಲಿ ಬೇಯಿಸಿಟ್ಟರು. ಜಾನ್ ಲಿಂಡ್ಲಿಯಂಥ ದೊಡ್ಡ ಸಸ್ಯವಿಜ್ಞಾನಿಯೂ 1830ರ ಸುಮಾರಿಗೆ ಇದನ್ನೇ ಹೇಳಿದ್ದ. ಕಾಡು ಬರಿದು ಮಾಡಿ ತಂದ ಗಿಡಗಳು ಲೆಕ್ಕವಿಲ್ಲದಷ್ಟು ಸತ್ತವು. ಚಾಟ್ಸ್‌ವರ್ತ್‌ನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ ಶಾಖ ಇಳಿಸಿ, ಗಾಳಿಗೆ ದಾರಿ ಬಿಟ್ಟ ಮೇಲೆ ಅವು ಬದುಕತೊಡಗಿದವು.

ಇಂದಿನ ನರ್ಸರಿಯ ಫಲೆನಾಪ್ಸಿಸ್ ಆರ್ಕಿಡ್‌ನ ಕುಂಡದಲ್ಲಿ ಆ ಹಳೆಯ ತಪ್ಪು ಬೇರೆ ರೂಪದಲ್ಲಿ ಉಳಿದುಕೊಂಡಿದೆ. ಪ್ಲಾಸ್ಟಿಕ್ ಕುಂಡದೊಳಗೆ ಬೇರಿನ ನಡುವೆ ಬಿಗಿಯಾಗಿ ತುರುಕಿದ ಸ್ಫ್ಯಾಗ್ನಮ್ ಪಾಚಿ ದೂರದ ಪ್ರಯಾಣದಲ್ಲಿ ತೇವ ಕಾಯಲು ಒಳ್ಳೆಯದು. ಮನೆಗೆ ಬಂದ ಮೇಲೆ ಅದೇ ಅಪಾಯ: ಮೇಲ್ಭಾಗ ಒಣಗಿದಂತೆ ಕಾಣುತ್ತದೆ, ನಡುವಿನ ಮುದ್ದೆ ಒದ್ದೆಯಾಗಿಯೇ ಇರುತ್ತದೆ, ನಾವು ಮತ್ತೆ ನೀರು ಹಾಕುತ್ತೇವೆ. ಗಿಡವನ್ನು ನೆಟ್ಟಗೆ ನಿಲ್ಲಿಸುವುದೂ ನಮ್ಮ ಅನುಕೂಲಕ್ಕೆ. ಕಾಡಿನಲ್ಲಿ ಫಲೆನಾಪ್ಸಿಸ್ ಮರದ ಕಾಂಡದಿಂದ ಓರೆಯಾಗಿ, ಎಲೆ ಕೆಳಕ್ಕೆ ಬಾಗಿಸಿ ತೂಗುತ್ತದೆ. ಸುಳಿಗೆ ಬಿದ್ದ ನೀರು ಜಾರಿಹೋಗುತ್ತದೆ. ಕುಂಡದಲ್ಲಿ ಅದೇ ಸುಳಿ ನೀರು ನಿಲ್ಲುವ ಬಟ್ಟಲಾಗಿ, ಸುಳಿಕೊಳೆಗೆ ದಾರಿಯಾಗುತ್ತದೆ. ವಾರಕ್ಕೆ ಮೂರು ಮಂಜುಗಡ್ಡೆಯ ತುಂಡು ಹಾಕಿದರೆ ಸಾಕು ಎಂಬ ಸಲಹೆಯನ್ನೂ ಇಲ್ಲಿಯೇ ಪರಿಶೀಲಿಸಬೇಕು. ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ಸಂಶೋಧಕರು 2017ರಲ್ಲಿ ಇದನ್ನು ಪರೀಕ್ಷಿಸಿ, ತೊಗಟೆಚೂರಿನಲ್ಲಿ ನೆಟ್ಟ ಫಲೆನಾಪ್ಸಿಸ್‌ಗೆ ಹಾನಿಯಿಲ್ಲವೆಂದು ಕಂಡುಕೊಂಡರು. ಆ ಫಲಿತಾಂಶವನ್ನು ನಾನು ಒಪ್ಪುತ್ತೇನೆ. ಆದರೆ ಅವರು ಮುಖ್ಯವಾಗಿ ಅಳೆದದ್ದು ಹೂ ಎಷ್ಟು ದಿನ ಅಂದವಾಗಿ ನಿಲ್ಲುತ್ತದೆ ಎಂಬುದನ್ನು. ಹೂವಿನ ಆಯುಸ್ಸು ತಿಂಗಳುಗಳದ್ದು, ಗಿಡದ್ದು ಹತ್ತಾರು ವರ್ಷಗಳದ್ದು. ಮೇಲಾಗಿ ನೀರು ಅಳತೆ ಮೀರದಂತೆ ತಡೆಯುವುದಷ್ಟೇ ಆ ಮಂಜುಗಡ್ಡೆಯ ಗುಣ. ಆ ಕೆಲಸಕ್ಕೆ ಒಂದು ಲೋಟವೂ ಸಾಕು.

ತುಂಬುವ ವಸ್ತುವಿನ ವಿಷಯದಲ್ಲಿ ನನ್ನ ತೀರ್ಪು ಸ್ಪಷ್ಟ. ಕೊಕೊಪೀಟ್ ಪುಡಿ ಈ ಗಿಡಗಳಿಗೆ ಸಲ್ಲದು. ತೆಂಗಿನ ಸಿಪ್ಪೆಯ ತುಂಡು ಪರವಾಗಿಲ್ಲ, ಆದರೆ ಅದರಲ್ಲಿ ಉಪ್ಪಿನಂಶವಿರುವುದರಿಂದ ಹಲವು ಸಲ ನೆನೆಸಿ ನೀರು ಚೆಲ್ಲಬೇಕು, ಮಳೆಗಾಲದಲ್ಲಿ ಅದು ಒಣಗುವುದೂ ನಿಧಾನ. ಎಲ್ಲಕ್ಕಿಂತ ಮೇಲು ನಮ್ಮ ಕಡೆ ಬಹಳ ಜನ ಬಳಸುವ ಇದ್ದಿಲು, ಇಟ್ಟಿಗೆ ಅಥವಾ ಹೆಂಚಿನ ಚೂರು. ಇವು ಕೊಳೆತು ಹುಡಿಯಾಗಿ ಗಾಳಿಯ ಸಂದಿಗಳನ್ನು ಮುಚ್ಚುವುದಿಲ್ಲ. ತೊಗಟೆಚೂರಾದರೆ ಎರಡು ಮೂರು ವರ್ಷಕ್ಕೆ ಕುಸಿಯುತ್ತದೆ, ಆಗ ಕುಂಡ ಬದಲಿಸಲೇಬೇಕು. ಹೂ ಮುಗಿದು, ಹೊಸ ಬೇರಿನ ಹಸಿರು ತುದಿ ಇಣುಕುವಾಗ ಮಾಡಿದರೆ ಗಿಡ ಬೇಗ ಚೇತರಿಸಿಕೊಳ್ಳುತ್ತದೆ. ಒತ್ತಿದರೆ ಟೊಳ್ಳಾಗಿ ಸುಲಿದುಬರುವ ಬೇರನ್ನು ಕಾಯಿಸಿ ಆರಿಸಿದ ಕತ್ತರಿಯಿಂದ ತೆಗೆಯಬೇಕು, ಗಟ್ಟಿ ಬೇರನ್ನು ಬಿಡಬೇಕು, ಗಾಯ ಒಣಗಲೆಂದು ಕೆಲವು ದಿನ ನೀರು ತಡೆಯಬೇಕು. ಡೆಂಡ್ರೋಬಿಯಂ ಕುಂಡದ ಅಂಚು ದಾಟಿ ಮೊಳೆತಾಗಲೂ ಬದಲಿಸುವುದು ಸರಿಯೇ, ಆದರೆ ಒಂದೆರಡು ಇಂಚಷ್ಟೇ ದೊಡ್ಡ ಕುಂಡಕ್ಕೆ. ಇಕ್ಕಟ್ಟಿನಲ್ಲಿಟ್ಟರೆ ಚೆನ್ನಾಗಿ ಹೂ ಬಿಡುತ್ತದೆ ಎಂಬ ನಂಬಿಕೆಯ ಹಿಂದಿನ ನಿಜವೂ ಇದೇ: ಚಿಕ್ಕ ಕುಂಡ ಬೇಗ ಒಣಗುತ್ತದೆ.

ಹಾಗಾದರೆ ಕುಂಡವನ್ನೇ ಬಿಟ್ಟು ಎಲ್ಲವನ್ನೂ ಮರಕ್ಕೆ ಕಟ್ಟಬೇಕೆ ಎಂದು ಕೇಳಬಹುದು. ಮಣ್ಣಿನಲ್ಲೇ ಬೇರು ಬಿಡುವ ಸ್ಪಾಥೋಗ್ಲಾಟಿಸ್‌ನಂಥವಕ್ಕೆ ಈ ವಾದ ಅನ್ವಯಿಸುವುದೇ ಇಲ್ಲ. ಇನ್ನೂ ಗಟ್ಟಿಯಾದ ಆಕ್ಷೇಪ ಬಯಲುಸೀಮೆಯ ಅಪಾರ್ಟ್‌ಮೆಂಟಿನಿಂದ ಬರುತ್ತದೆ: ಮಾರ್ಚ್ ಏಪ್ರಿಲ್‌ನ ಒಣಗಾಳಿಯಲ್ಲಿ ಹಲಗೆಗೆ ಕಟ್ಟಿದ ಗಿಡಕ್ಕೆ ದಿನಕ್ಕೆ ಎರಡು ಸಲ ನೀರು ಚಿಮುಕಿಸುವವರು ಯಾರು? ಇದು ನ್ಯಾಯವಾದ ಪ್ರಶ್ನೆ. ಅಲ್ಲಿ ಕುಂಡ ಬೇಕೇ ಬೇಕು, ಬದಿಯಲ್ಲೂ ತೂತಿರುವ ಕುಂಡ. ಬೇಸಿಗೆಗೆಂದು ಇದ್ದಿಲಿನ ನಡುವೆ ಒಂದಿಷ್ಟು ಸಿಪ್ಪೆ ಸೇರಿಸಿದರೂ ತಪ್ಪಿಲ್ಲ. ಹೂ ಬಿಡಲಿಲ್ಲವೆಂದು ಕುಂಡ ಬದಲಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಫಲೆನಾಪ್ಸಿಸ್ ಸುಮಾರು 28 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲೇ ಇದ್ದರೆ ಎಲೆ ಬಿಡುತ್ತಾ ಹೋಗುತ್ತದೆ, ಹೂಗೊಂಚಲು ಹೊರಡಲು ತಂಪು ಬೇಕು. ಬೆಂಗಳೂರಿನ ಚಳಿಗಾಲದ ರಾತ್ರಿ ಕೊಡುವ ಈ ತಂಪು ಮಂಗಳೂರಿನ ಮನೆಯೊಳಗೆ ಸಿಗುವುದು ಕಷ್ಟ, ಅದಕ್ಕೆ ಗೊಬ್ಬರ ಸುರಿದು ಫಲವಿಲ್ಲ. ಕರಾವಳಿಯ, ಮಲೆನಾಡಿನ ಮನೆಯಂಗಳದಲ್ಲಿ ಒರಟು ತೊಗಟೆಯ ಮಾವೋ ಹಲಸೋ ಇದ್ದರೆ, ನರ್ಸರಿಯಲ್ಲಿ ಬೆಳೆಸಿದ ವಾಂಡಾ, ಸೀತಾಳೆಗಳಿಗೆ ಕುಂಡದ ಹಂಗೇ ಬೇಡ. ಮುಂಗಾರಿನ ಮೊದಲಲ್ಲಿ, ಬೆಳಗಿನ ಎಳೆಬಿಸಿಲು ತಾಗುವ ಕಡೆ ಹತ್ತಿಯ ದಾರದಿಂದ ಕಟ್ಟಿದರೆ ಸಾಕು; ದಾರ ಲಡ್ಡಾಗಿ ಬೀಳುವ ಹೊತ್ತಿಗೆ ಬೇರು ತೊಗಟೆಯನ್ನು ತಬ್ಬಿರುತ್ತದೆ.