ತಾಳ ತಪ್ಪುವ ಸ್ಟ್ರೀಮಿಂಗ್ ಪೆಟ್ಟಿಗೆ

ಸಿನಿಮಾ ಮುಗಿದಾಗ ಕಲಾವಿದರ, ತಂತ್ರಜ್ಞರ ಹೆಸರುಗಳು ಪರದೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಸರಿಯುತ್ತವೆಯಲ್ಲವೆ? ಮುಂದಿನ ಸಲ ಎದ್ದು ಹೋಗದೆ ಒಂದು ನಿಮಿಷ ಅವನ್ನೇ ಗಮನಿಸಿ. ಟಿ.ವಿ.ಗೆ ಸ್ಟ್ರೀಮಿಂಗ್ ಪೆಟ್ಟಿಗೆ ಜೋಡಿಸಿ ನೋಡುತ್ತಿದ್ದರೆ, ಅಕ್ಷರಗಳು ಸರಾಗವಾಗಿ ಸರಿಯದೆ ತಡವರಿಸುವುದು ಕಂಡೀತು. ಅಂತರ್ಜಾಲದ ವೇಗ ಸಾಲದೆಂದು ನಾವು ದೂರುತ್ತೇವೆ. ಎಷ್ಟೋ ಸಲ ತಪ್ಪು ಅಲ್ಲಿಲ್ಲ, ಭಾಗಾಕಾರದಲ್ಲಿದೆ.

ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು. ಪೆಟ್ಟಿಗೆ ಟಿ.ವಿ.ಗೆ ಕಳಿಸುವುದು ಸಾಮಾನ್ಯವಾಗಿ ಸೆಕೆಂಡಿಗೆ 60. ಅರವತ್ತನ್ನು 24ರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸುವುದು ಸಾಧ್ಯವಿಲ್ಲವಾದ್ದರಿಂದ ಒಂದು ಚೌಕಟ್ಟನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತಾರೆ. ಪ್ರತಿ ಚೌಕಟ್ಟೂ 41.7 ಮಿಲಿಸೆಕೆಂಡು ನಿಲ್ಲಬೇಕಿತ್ತು. ಈಗ ಒಂದು 33.3, ಇನ್ನೊಂದು 50 ಮಿಲಿಸೆಕೆಂಡು ನಿಲ್ಲುತ್ತದೆ. ತಡವರಿಕೆಯ ಮೂಲ ಇದೇ.

ಅಮೆರಿಕದ ಹಳೆಯ ಟಿ.ವಿ.ಗಳಿಗೆ ಬೇರೆ ದಾರಿ ಇರಲಿಲ್ಲ. ಅವುಗಳ ದರ ಒಂದೇ, ಸ್ಥಿರ. ನಮ್ಮ ದೇಶ ಅನುಸರಿಸಿದ ಪಾಲ್ ಪದ್ಧತಿಯಲ್ಲಿ 50 ಹರ್ಟ್ಸ್. ಅಲ್ಲಿ ಸಿನಿಮಾವನ್ನು ಸೆಕೆಂಡಿಗೆ 25 ಚೌಕಟ್ಟಿನಂತೆ ಓಡಿಸಿಬಿಡುತ್ತಿದ್ದರು. ಎರಡೂವರೆ ಗಂಟೆಯ ಚಿತ್ರ 144 ನಿಮಿಷಕ್ಕೇ ಮುಗಿಯುತ್ತಿತ್ತು, ಹಾಡಿನ ಶ್ರುತಿ ಸ್ವಲ್ಪ ಏರುತ್ತಿತ್ತು. ಆದರೆ ಜರ್ಕು ಇರಲಿಲ್ಲ.

ಇಂದಿನ ಟಿ.ವಿ.ಗಳಲ್ಲಿ ಹೆಚ್ಚಿನವು 24, 50, 60 ಮೂರನ್ನೂ ಸ್ವೀಕರಿಸಬಲ್ಲವು. ಆದರೂ ಪೆಟ್ಟಿಗೆ ಎಲ್ಲವನ್ನೂ ಅರವತ್ತಕ್ಕೇ ಎಳೆದು ಕೂರಿಸುತ್ತದೆ. ನನ್ನ ಆಕ್ಷೇಪ ಇರುವುದು ಇಲ್ಲಿ. 50 ಹರ್ಟ್ಸ್‌ನಲ್ಲಿ ಚಿತ್ರೀಕರಿಸಿದ ಕ್ರಿಕೆಟ್ ಪಂದ್ಯವನ್ನು ಹೀಗೆ ತೋರಿಸಿದರೆ ಪ್ರತಿ ಐದು ಚೌಕಟ್ಟಿಗೆ ಒಂದು ಪುನರಾವರ್ತನೆ, ಅಂದರೆ ಸೆಕೆಂಡಿಗೆ ಹತ್ತು ಜರ್ಕು. ಬೌಂಡರಿಯತ್ತ ಉರುಳುವ ಚೆಂಡಿನ ಹಿಂದೆ ಕ್ಯಾಮೆರಾ ತಿರುಗುವಾಗ ಇದು ಎದ್ದು ಕಾಣುತ್ತದೆ.

ಮೂಲ ದರಕ್ಕೆ ಹೊಂದಿಸುವ ಆಯ್ಕೆ ಅನೇಕ ಪೆಟ್ಟಿಗೆಗಳಲ್ಲಿ ಇದೆ. ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ 2020ರ 11ನೆಯ ಆವೃತ್ತಿಯಿಂದ ಆ್ಯಪ್‌ಗಳು ತಮಗೆ ಬೇಕಾದ ದರವನ್ನು ಕೇಳಬಹುದು. ಕೇಳದ ಆ್ಯಪ್‌ಗಳೂ ಉಂಟು. ಆದರೆ ದರ ಬದಲಾದಾಗ ಟಿ.ವಿ. ಹೊಸ ಸಂಕೇತಕ್ಕೆ ಹೊಂದಿಕೊಳ್ಳಲು ಒಂದೆರಡು ಸೆಕೆಂಡು ಪರದೆ ಕಪ್ಪಾಗುತ್ತದೆ. ಕಪ್ಪು ಪರದೆ ಕಂಡರೆ ಗ್ರಾಹಕ ಅಂಗಡಿಗೆ ಓಡುತ್ತಾನೆ. ಜರ್ಕು ಕಂಡರೆ ಓಡುವುದಿಲ್ಲ. ಹಾಗಾಗಿ ಈ ಆಯ್ಕೆ ಎಷ್ಟೋ ಕಡೆ ಆಫ್ ಆಗಿಯೇ ಬರುತ್ತದೆ. ಇದು ಎಂಜಿನಿಯರಿಂಗ್ ತೀರ್ಮಾನವಲ್ಲ, ವ್ಯಾಪಾರದ್ದು.

ಇದಕ್ಕೆ ಪರಿಹಾರ 2017ರಲ್ಲಿ ಪ್ರಕಟವಾದ ಎಚ್.ಡಿ.ಎಂ.ಐ. 2.1 ಮಾನಕದಲ್ಲೇ ಇದೆ: ಕ್ವಿಕ್ ಮೀಡಿಯಾ ಸ್ವಿಚಿಂಗ್. ಸಂಕೇತದ ಮೂಲ ಗಡಿಯಾರವನ್ನು ಮುಟ್ಟದೆ, ಎರಡು ಚೌಕಟ್ಟುಗಳ ನಡುವಿನ ಖಾಲಿ ಅವಧಿಯನ್ನಷ್ಟೇ ಹಿಗ್ಗಿಸಿ ದರ ಬದಲಿಸುವ ಉಪಾಯ ಇದು. ಟಿ.ವಿ. ಹೊಸದಾಗಿ ಹೊಂದಿಕೊಳ್ಳಬೇಕಿಲ್ಲ, ಪರದೆ ಕಪ್ಪಾಗುವುದಿಲ್ಲ. ಜಾಣ ಉಪಾಯವೇ ಸರಿ. ಆದರೆ ಪೆಟ್ಟಿಗೆ, ಟಿ.ವಿ. ಎರಡರಲ್ಲೂ ಇರಬೇಕು, ಚಿತ್ರದ ರೆಸಲ್ಯೂಷನ್ ಬದಲಾಗಬಾರದು. ಅದಕ್ಕಿಂತ ಮುಖ್ಯವಾಗಿ, ಮಾನಕದಲ್ಲಿ ಇದು ಐಚ್ಛಿಕ. ಡಬ್ಬದ ಮೇಲೆ '2.1' ಎಂದು ಅಚ್ಚಾಗಿದ್ದ ಮಾತ್ರಕ್ಕೆ ಒಳಗೆ ಇದು ಇದೆಯೆಂದು ನಂಬುವಂತಿಲ್ಲ. ಇಂಥ ಚೀಟಿಯಿಂದ ಕೊಳ್ಳುವವನಿಗೇನು ಉಪಯೋಗ?

'120 ಹರ್ಟ್ಸ್' ಎಂಬ ಚೀಟಿಯೂ ಅರ್ಧ ಸತ್ಯ. 120 ಸಂಖ್ಯೆ 24, 30, 60ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, 50ರಿಂದ ಆಗುವುದಿಲ್ಲ. 24, 50, 60ರ ಲ.ಸಾ.ಅ. ಎಷ್ಟೆಂದು ತರಗತಿಯಲ್ಲಿ ಕೇಳಿ, 600 ಬರುತ್ತದೆ. ಎಲ್ಲಕ್ಕೂ ಒಂದೇ ದರ ಸಾಕೆನ್ನುವವರಿಗೆ ಅದೇ ಉತ್ತರ. ಇನ್ನು, ಇಲ್ಲದ ಚೌಕಟ್ಟುಗಳನ್ನು ಟಿ.ವಿ.ಯೇ ಊಹಿಸಿ ತುಂಬುವ 'ಮೋಷನ್ ಸ್ಮೂತಿಂಗ್' ಸಿನಿಮಾವನ್ನು ಧಾರಾವಾಹಿಯಂತೆ ಕಾಣಿಸುತ್ತದೆಯೇ ಹೊರತು ಲೆಕ್ಕವನ್ನು ಸರಿಪಡಿಸುವುದಿಲ್ಲ.

ಇದನ್ನು ನೀವೇ ಅಳೆಯಬಹುದು. ಸೆಕೆಂಡಿಗೆ 240 ಚೌಕಟ್ಟು ಸೆರೆಹಿಡಿಯುವ ಫೋನಿನಿಂದ, ಸ್ಮೂತಿಂಗ್ ಆರಿಸಿದ ಟಿ.ವಿ.ಯಲ್ಲಿ ಓಡುತ್ತಿರುವ ಸಿನಿಮಾದ ಹೆಸರುಪಟ್ಟಿಯನ್ನು ಚಿತ್ರೀಕರಿಸಿ. ನಂತರ ಒಂದೊಂದೇ ಚೌಕಟ್ಟು ಸರಿಸುತ್ತ, ಅಕ್ಷರಗಳು ಒಂದೇ ಜಾಗದಲ್ಲಿ ಎಷ್ಟು ಚೌಕಟ್ಟು ನಿಲ್ಲುತ್ತವೆ ಎಂದು ಎಣಿಸಿ. ಸುಮಾರು 8, 12, 8, 12 ಎಂದು ಬಂದರೆ ಪೆಟ್ಟಿಗೆ ಅರವತ್ತರಲ್ಲೇ ಕೂತಿದೆ. ಸೆಟ್ಟಿಂಗ್ ಬದಲಿಸಿ ಮತ್ತೆ ಎಣಿಸಿ. ಪ್ರತಿ ಸಲ 10 ಬರಬೇಕು.