ಸ್ಟಾರ್ಟ್ ಆದರೆ ಸಾಕೇ?

ಕೆನಡಾದಲ್ಲಿ, ಅಮೆರಿಕದ ಉತ್ತರದ ರಾಜ್ಯಗಳಲ್ಲಿ, ಚಳಿಗಾಲಕ್ಕೆ ಮುಂಚೆ ಸ್ವಂತ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿ ಅಲಾರಂ ಮತ್ತು ರಿಮೋಟ್ ಸ್ಟಾರ್ಟರ್ ಕೂರಿಸಿಕೊಳ್ಳುವವರಿದ್ದಾರೆ. ಮೈನಸ್ 20 ಡಿಗ್ರಿಯ ಬೆಳಿಗ್ಗೆ ಅಡುಗೆಮನೆಯಿಂದಲೇ ಬಟನ್ ಒತ್ತಿ ಎಂಜಿನ್ ಬಿಸಿ ಮಾಡಿಕೊಳ್ಳುವ ಆಸೆ ಅತಿಯೇನಲ್ಲ. ಅಂಗಡಿಯ ಕೂಲಿ ಉಳಿಸುವ ಲೆಕ್ಕವೂ ತಪ್ಪಲ್ಲ. ತಕರಾರಿರುವುದು ಈ ಕೆಲಸವನ್ನು ಅಳೆಯುವ ಬಗೆಯಲ್ಲಿ. ಒಂದೇ ಡಬ್ಬಿಯಲ್ಲಿ ಬಂದರೂ ಈ ಎರಡರ ಕಸುಬು ಒಂದಕ್ಕೊಂದು ಎದುರು: ಅಲಾರಂ ಕೀಲಿಯಿಲ್ಲದವನನ್ನು ತಡೆಯಬೇಕು, ಸ್ಟಾರ್ಟರ್ ಕೀಲಿಯಿಲ್ಲದೆಯೇ ಎಂಜಿನ್ ಚಾಲೂ ಮಾಡಬೇಕು. ಹಾಗಾಗಿ ಬಟನ್ ಒತ್ತಿದಾಗ ಕಾರು ಸ್ಟಾರ್ಟ್ ಆಯಿತು ಎನ್ನುವುದು ಅರ್ಧ ಪರೀಕ್ಷೆಯಷ್ಟೇ. ಆಗಬಾರದ ಹೊತ್ತಿನಲ್ಲಿ ಆಗಲಿಲ್ಲ ಎನ್ನುವುದೇ ದೊಡ್ಡ ಅರ್ಧ.

ಸ್ಟೀರಿಂಗ್ ಕೆಳಗಿನ ಕವಚ ತೆಗೆದರೆ ಇಗ್ನಿಷನ್ ಸ್ವಿಚ್ಚಿನ ದಪ್ಪ ವೈರುಗಳು ಸಿಗುತ್ತವೆ. ಮಲ್ಟಿಮೀಟರ್ ಇದ್ದವರಿಗೆ ಇವನ್ನು ಗುರುತಿಸುವುದು ಕಷ್ಟವಲ್ಲ. ಸದಾ 12 ವೋಲ್ಟ್ ತೋರಿಸುವುದು ಬ್ಯಾಟರಿಯದು. ಕೀಲಿ ತಿರುಗಿಸಿದಾಗ ಬಂದು, ಕ್ರ್ಯಾಂಕ್ ಮಾಡುವಾಗಲೂ ಉಳಿಯುವುದು ಇಗ್ನಿಷನ್. ಕ್ರ್ಯಾಂಕ್ ಆಗುವಷ್ಟು ಹೊತ್ತು ಸೊನ್ನೆಗಿಳಿಯುವುದು ಅಕ್ಸೆಸರಿ. ಆಗ ಮಾತ್ರ ಜೀವ ಬರುವುದು ಸ್ಟಾರ್ಟರ್. ಇಷ್ಟು ಜೋಡಿಸಿದರೆ ಎಂಜಿನ್ ಏಳುವ ಹಾದಿ ಬಹುಪಾಲು ಸಿದ್ಧ. ಕಿಟ್‌ನಲ್ಲಿ ಉಳಿಯುವುದು ಕೆಲವು ತೆಳು ವೈರುಗಳು: ಬಾನೆಟ್ ತೆರೆದಿದ್ದರೆ ತಡೆಯುವ ಪಿನ್ ಸ್ವಿಚ್ಚಿನದು, ಬ್ರೇಕ್ ಒತ್ತಿದೊಡನೆ ಎಂಜಿನ್ ಆರಿಸುವುದು, ಗೇರ್ ಪಾರ್ಕ್‌ನಲ್ಲಿದೆಯೇ ಎಂದು ನೋಡುವುದು. ಸಾಮಾನ್ಯವಾಗಿ ಮೊದಲೆರಡನ್ನು ಸುತ್ತಿ ಮೂಲೆಗೆ ತುರುಕಿದರೂ, ಮೂರನೆಯದನ್ನು ಬಾಡಿಗೆ ನೇರ ಅರ್ಥ್ ಮಾಡಿಬಿಟ್ಟರೂ, ಕಾರು ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ. ಲೋಪ ಬಯಲಾಗುವುದು ಬಾನೆಟ್‌ನೊಳಗೆ ಕೈಯಿಟ್ಟವರ ಪಕ್ಕದಲ್ಲಿ ಬೆಲ್ಟ್ ತಿರುಗತೊಡಗಿದಾಗ.

ಇಮ್ಮೊಬಿಲೈಜರ್‌ನ ಕಥೆಯೂ ಇದೇ. ಕೀಲಿಯೊಳಗಿನ ಚಿಪ್ ಗುರುತು ಹೇಳದಿದ್ದರೆ ಎಂಜಿನ್ ಓಡದಂತೆ ಮಾಡುವ ಈ ವ್ಯವಸ್ಥೆಯನ್ನು ಕೆನಡಾ 2007ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿತು. ಅಮೆರಿಕದಲ್ಲಿ ಅಂಥ ಕಡ್ಡಾಯವಿರಲಿಲ್ಲ. ಅದಿಲ್ಲದೆ ಮಾರಾಟವಾದ ಹ್ಯುಂಡೈ, ಕಿಯಾ ಕಾರುಗಳ ಕಳ್ಳತನ 2021ರ ನಂತರ ಎಷ್ಟು ಹೆಚ್ಚಿತೆಂದು ಜಗತ್ತೇ ನೋಡಿತು. ಸೈರನ್ ಕೂಗಿದ್ದಕ್ಕಿಂತ ಚಿಪ್ ಸುಮ್ಮನೆ ತಡೆದದ್ದೇ ಹೆಚ್ಚು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ರಿಮೋಟ್ ಸ್ಟಾರ್ಟರ್‌ಗೆ ದಾರಿ ಬಿಡಲು ಈ ತಡೆಯನ್ನೇ ದಾಟಬೇಕು. ಹಳೆಯ ಬಗೆಯ ಬೈಪಾಸ್‌ನಲ್ಲಿ ಚಿಪ್ ಇರುವ ಒಂದು ಕೀಲಿಯನ್ನು ಡ್ಯಾಶ್‌ಬೋರ್ಡ್ ಒಳಗೇ ಅಡಗಿಸುತ್ತಾರೆ. ಕಳ್ಳರ ಭಯಕ್ಕೆ ಅಲಾರಂ ಕೊಂಡವರು ಕಳ್ಳರಿಗೆ ಬೇಕಾದ್ದನ್ನು ಕಾರಿನಲ್ಲೇ ಇಟ್ಟು ಹೋದಂತಾಯಿತು. ಕಾರಿನ ಕಂಪ್ಯೂಟರ್ ಜೊತೆ ಡೇಟಾ ವೈರಿನ ಮೂಲಕವೇ ಮಾತಾಡುವ ಹೊಸ ಮಾಡ್ಯೂಲ್‌ಗಳು ಈ ಕಾರಣಕ್ಕೇ ಮೇಲು.

ಅಂಗಡಿಯವರೇನು ಕಮ್ಮಿ ಎಡವಟ್ಟು ಮಾಡುತ್ತಾರೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವಸರದಲ್ಲಿ ಒತ್ತಿದ ಟ್ಯಾಪ್ ಕನೆಕ್ಟರ್ ಸಡಿಲವಾಗುವುದು ಅಲ್ಲೂ ಉಂಟು. ಮನೆಯಲ್ಲಿ ಮಾಡುವವರಿಗೆ ನಿಧಾನವಾಗಿ ಬೆಸುಗೆ ಹಾಕುವ ಪುರುಸೊತ್ತಾದರೂ ಇರುತ್ತದೆ. ವಾರಂಟಿ ಹೋಗುತ್ತದೆಂಬ ಹೆದರಿಕೆಯೂ ಅರ್ಧ ಸತ್ಯ. ಹೊರಗಿನ ಭಾಗ ಹಾಕಿದ ಒಂದೇ ನೆಪಕ್ಕೆ ವಾರಂಟಿ ನಿರಾಕರಿಸದಂತೆ ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ತಡೆಯುತ್ತದೆ. ಕೆಟ್ಟದ್ದು ಆ ಭಾಗದಿಂದಲೇ ಎಂದಾದರೆ ಮಾತು ಬೇರೆ. ಹೀಗಾಗಿ ಕೈ ಯಾರದೆಂಬುದಲ್ಲ, ಯಾವ ಕಾರು, ಯಾವ ಪರೀಕ್ಷೆ ಎಂಬುದು ಮುಖ್ಯ. ಸೈರನ್, ಬಾಗಿಲಿನ ಸ್ವಿಚ್, ಪಾರ್ಕಿಂಗ್ ದೀಪದಷ್ಟೇ ಇರುವ ಅಲಾರಂ ಮನೆಯಲ್ಲಿ ಧಾರಾಳವಾಗಿ ಮಾಡಬಹುದಾದ ಕೆಲಸ. ಆಟೊಮ್ಯಾಟಿಕ್ ಕಾರಿಗೆ ರಿಮೋಟ್ ಸ್ಟಾರ್ಟರನ್ನೂ ಹಾಕಬಹುದು, ಬಾನೆಟ್ ಎತ್ತಿ, ಬ್ರೇಕ್ ಒತ್ತಿ, ಗೇರ್ ಬದಲಿಸಿ ಒಂದೊಂದು ತಡೆಯನ್ನೂ ಬಯಲಿನಲ್ಲಿ ಪರೀಕ್ಷಿಸುವುದಾದರೆ. ಮುಚ್ಚಿದ ಗ್ಯಾರೇಜಿನಲ್ಲಿ ಕಾರು ನಿಲ್ಲಿಸುವವರಿಗೆ ಅದೂ ಬೇಡ. ಜೇಬಿನಲ್ಲಿ ಅಕಸ್ಮಾತ್ ಒತ್ತಿದ ಬಟನ್ ಮನೆಯೊಳಗೆ ಕಾರ್ಬನ್ ಮಾನಾಕ್ಸೈಡ್ ತುಂಬಬಲ್ಲದು. ಕರ್ನಾಟಕದ ರಸ್ತೆಗಳಲ್ಲಿ ಇಂದಿಗೂ ಹೇರಳವಾಗಿರುವ ಕ್ಲಚ್ ಕಾರುಗಳಿಗಂತೂ ಈ ಮನೆಗೆಲಸ ಸಲ್ಲ: ಫಸ್ಟ್ ಗೇರಿನಲ್ಲಿ ನಿಂತ ಕಾರು ಸ್ಟಾರ್ಟರ್ ತಿರುಗಿದೊಡನೆ ಮುಂದಕ್ಕೆ ಹಾರುತ್ತದೆ, ಎದುರಿಗೆ ಯಾರಿದ್ದಾರೆಂದು ನೋಡಲು ಒಳಗೆ ಡ್ರೈವರ್ ಇರುವುದಿಲ್ಲ.