ರಿಕಾರ್ಥನ ಉಳಿ

ಇಂಗ್ಲೆಂಡಿನ ಹಳೆಯ ಜ್ಞಾನಸ್ನಾನದ ಕಲ್ಲುತೊಟ್ಟಿಗಳ ಮಾತು ಬಂದರೆ ಎಲ್ಲರ ಬೆರಳೂ ವಿಂಚೆಸ್ಟರ್ ಕಡೆಗೇ. ಬೆಲ್ಜಿಯಂನ ಟೂರ್ನೆಯಲ್ಲಿ ಕಡೆದು ಕಡಲು ದಾಟಿಸಿದ 12ನೇ ಶತಮಾನದ ಕರಿಕಲ್ಲು, ಮೈಮೇಲೆ ಸಂತ ನಿಕೋಲಸನ ಪವಾಡಗಳು. ಅದರಲ್ಲೊಂದು ಹಡಗಿಗೆ ಹಿಂಬದಿಯ ಚುಕ್ಕಾಣಿ ಕಂಡಿದ್ದೇ ತಡ, ನೌಕಾ ಇತಿಹಾಸಕಾರರು ತೊಟ್ಟಿಯನ್ನು ತಲೆಮೇಲೆ ಹೊತ್ತರು. ಚುಕ್ಕಾಣಿ ಸರಿ, ಆದರೆ ಮನುಷ್ಯರು? ಗಿಡ್ಡ ಮೈಗೆ ದಪ್ಪ ತಲೆ, ಸತ್ತವರಿಗೂ ಬದುಕಿದವರಿಗೂ ಒಂದೇ ಮುಖ. ದಾಖಲೆಯಾಗಿ ದೊಡ್ಡದು, ಶಿಲ್ಪವಾಗಿ ರಫ್ತಿನ ಸರಕು.

ಅದೇ ಶತಮಾನದ ಇನ್ನೊಂದು ತೊಟ್ಟಿ ಕಂಬ್ರಿಯಾದ ಬ್ರೈಡ್‌ಕರ್ಕ್ ಎಂಬ ಹಳ್ಳಿಯ ಚರ್ಚಿನಲ್ಲಿದೆ. ಅದರ ಒಂದು ಮುಖದ ಮೇಲೆ ರೂನಿಕ್ ಲಿಪಿಯ ಪಟ್ಟಿ, ನಡುನಡುವೆ ಪುಸ್ತಕದ ಅಕ್ಷರಗಳೂ ನುಸುಳಿವೆ. ಭಾಷೆ ಆಗಿನ ಇಂಗ್ಲಿಷ್, ಪ್ರಾಸವೂ ಉಂಟು. ಅರ್ಥ ಇಷ್ಟು: ರಿಕಾರ್ಥ್ ನನ್ನನ್ನು ಕಡೆದ, ಈ ಚೆಲುವಿಗೆ ತಂದ. ‘ಚೆಲುವು’ ಎಂಬ ಪದವನ್ನು ಹೇಗೆ ಓದಬೇಕೆಂದು ವಿದ್ವಾಂಸರು ಇನ್ನೂ ಕಚ್ಚಾಡುತ್ತಾರೆ. ಕಚ್ಚಾಡಬೇಕಾದ್ದು ‘ನನ್ನನ್ನು’ ಎಂಬಲ್ಲಿ. ಮಾತಾಡುತ್ತಿರುವುದು ಕಲ್ಲು. ಪಟ್ಟಿಯ ಕೆಳಗೆ ಒಬ್ಬ ಪುಟ್ಟ ಮನುಷ್ಯ ಉಳಿ, ಕೊಡತಿ ಹಿಡಿದು ಬಳ್ಳಿಯ ತುದಿಯನ್ನು ಕೆತ್ತುತ್ತಿದ್ದಾನೆ. ಕೆತ್ತಿದ್ದು ಬಳ್ಳಿ, ಆ ಬಳ್ಳಿಯನ್ನು ಕೆತ್ತುವವನನ್ನೂ ಕೆತ್ತಿದ್ದು ಅದೇ ಕೈ. ಈ ತುಂಟತನ ವಿಂಚೆಸ್ಟರಿನ ನಾಲ್ಕು ಮುಖ ಹುಡುಕಿದರೂ ಸಿಗದು.

ಆ ಪುಟ್ಟ ಮನುಷ್ಯ ರಿಕಾರ್ಥನೇ ಅಲ್ಲ, ಯಾವನೋ ಕೂಲಿ ಎನ್ನುವವರಿದ್ದಾರೆ. ಮಧ್ಯಯುಗದ ಶಿಲ್ಪಿಗೆ ‘ನಾನು’ ಎಂಬುದೇ ಇರಲಿಲ್ಲ ಎಂಬ ಹಳೇ ನಂಬಿಕೆಯ ಫಲವಿದು. ಹೆಸರಿನ ಕೆಳಗೇ ಉಳಿ ಹಿಡಿದು ನಿಂತವನನ್ನು ಅನಾಮಿಕ ಎನ್ನಲು ವಿದ್ವತ್ತೇ ಬೇಕು! ಇಂಥವರು ಒಮ್ಮೆ ಬೇಲೂರಿಗೆ ಬರಬೇಕು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಮದನಿಕೆಯರ ಪೀಠದಲ್ಲಿ ಹೆಸರು ಬಿಟ್ಟಿದ್ದಾರೆ. ಸೋಮನಾಥಪುರದ ರೂವಾರಿ ಮಲ್ಲಿತಮ್ಮನಂತೂ ಕೆಲವೆಡೆ ‘ಮ’ ಎಂದಷ್ಟೇ ಕೊರೆದು ಮುಂದೆ ಹೋದವನು, ಅಷ್ಟು ಧೈರ್ಯ.

ಹೊಯ್ಸಳರ ಬಳಪದ ಕಲ್ಲಿನ ನಯ ಬ್ರೈಡ್‌ಕರ್ಕಿಗಿಲ್ಲ, ನಿಜ. ಅದರ ಮೈ ಒರಟು, ಆಕೃತಿಗಳು ಗಿಜಿಗಿಜಿ, ಏದೆನ್ ತೋಟದಿಂದ ಆದಾಮ ಹವ್ವರನ್ನು ಹೊರದಬ್ಬುವ ಚಿತ್ರದಲ್ಲಿ ಅಂಗರಚನೆಯ ಲೆಕ್ಕವೂ ತಪ್ಪಿದೆ. ಆದರೂ ಆ ಕೊಡತಿಯವನ ಕೈ ಎತ್ತಿದಂತೆಯೇ ಇದೆ, ಬಳ್ಳಿಗೆ ಇನ್ನೊಂದು ಏಟು ಬಾಕಿಯಿರುವವನ ಹಾಗೆ.